ಹಮ್ಮು, ಹೂಂ

ಶೆಫೀಲ್ಡಿನ ಹೀಲಿ ಇಳಿಜಾರಿನಲ್ಲಿ
ಚಿಪ್ಸ್ ಅಂಗಡಿಗೂ ಲಾಂಡ್ರಿಗೂ ನಡುವೆ
ಟ್ರೆವರ್ ಸ್ಟ್ಯಾನಿಫೋರ್ತನ ಮೇಜು.
ಹಳೇ ಟವೆಲು ಹಾಸಿ ನನ್ನ ಗಿಟಾರನ್ನು ಅಂಗಾತ ಮಲಗಿಸಿದ್ದಾನೆ.
ದಿನಕ್ಕೆ ಹನ್ನೆರಡು ಜನರನ್ನು ನಾನೂ ಹೀಗೇ ಮಲಗಿಸುತ್ತೇನೆ,
ಉಂಗುರ ತೆಗೀರಿ, ಹೇರ್‌ಪಿನ್ ತೆಗೀರಿ ಎಂದು ಹೇಳಿ
ಆಸ್ಪತ್ರೆಯ ಅಯಸ್ಕಾಂತದ ಗುಹೆಗೆ ತಳ್ಳುತ್ತೇನೆ.
ಇಲ್ಲಿ ಅಯಸ್ಕಾಂತ
ಕಡಲೆಮಿಠಾಯಿಯ ಒಂದು ತುಂಡಿನಷ್ಟು.

ಹಂಬಕರ್ ಎಂಬುದನ್ನು ಮೊದಲ ಸಲ ಕೇಳಿದಾಗ
ನನ್ನ ಕಿವಿಗೆ ಬಿದ್ದದ್ದು ಹಮ್ಮು.
ಹಮ್ಮು ಮುರಿಯುವ ಯಂತ್ರ! ಒಳ್ಳೆಯದೇ,
ನಮ್ಮ ಬ್ಯಾಂಡಿನ ಗ್ಯಾರೆತ್‌ಗೂ ಒಂದು ಕೂರಿಸಬೇಕು.
ಟ್ರೆವರ್ ವಿವರಿಸಿದ: ಎರಡು ಸುರುಳಿ,
ಒಂದು ಹೀಗೆ ಸುತ್ತಿದ್ದು, ಒಂದು ಹಾಗೆ.
ಟ್ಯೂಬ್‌ಲೈಟಿನ, ಗೋಡೆಯ ವೈರಿನ ಗುಂಯ್
ಎರಡಕ್ಕೂ ಬಂದು ತಾಕಿ, ಒಂದರ ಏರಿಗೆ ಇನ್ನೊಂದರ ಇಳಿವು
ಎದುರಾಗಿ ಸಾಯುತ್ತದೆ.
ತಂತಿಯ ದನಿ ಮಾತ್ರ ಯಾಕೆ ಸಾಯುವುದಿಲ್ಲ?
ಒಂದಕ್ಕೆ ಅಯಸ್ಕಾಂತದ ಮುಖವೂ ತಿರುಗಿದೆಯಲ್ಲ,
ತಪ್ಪಿಗೆ ತಪ್ಪು ಕೂಡಿ ಸರಿಹೋದ ಹಾಗೆ.

ಈಗ ಯಾವುದು ಹಾಕುವುದು?
ಅಲ್ನಿಕೋ ಎರಡೋ, ಐದೋ, ಸೆರಾಮಿಕ್ಕೋ.
ಏಳೂವರೆ ಕಿಲೋ ಓಮ್, ಹದಿನಾರು ಕಿಲೋ ಓಮ್.
ಡಬ್ಬಿಗಳ ಮೇಲೆ ಬರೆದಿದೆ: ಬೆಚ್ಚಗೆ. ಗಾಜು. ಜೇನು. ಉಗ್ರ.
ನನಗೆ ಗೊತ್ತಿರುವ ಮಾತೇ ಬೇರೆ.
ಹಳೆಯದು ತಳ ಹಿಡಿದ ಗೊಜ್ಜು.
ಬೇಕಾದದ್ದು ತಿಳಿಸಾರು, ಮೇಲೆ ಸಾಸಿವೆ ಸಿಡಿದ ಸದ್ದು,
ಸಿಡಿಯಬೇಕು, ಸೀಯಬಾರದು,
ಅಷ್ಟೇ ಹದ.
ಇದನ್ನು ಯಾರ್ಕ್‌ಶೈರಿನವನಿಗೆ ಹೇಳುವುದು ಹೇಗೆ?
ಗ್ರೇವಿ ಅಲ್ಲ, ಸೂಪು, ಅಂದೆ.
ಅವನು ಗಂಭೀರವಾಗಿ ತಲೆದೂಗಿ
ಪೆನ್ಸಿಲಿನಲ್ಲಿ ಗುರುತು ಹಾಕಿಕೊಂಡ: ಅಲ್ನಿಕೋ ಐದು.

ಬಿಚ್ಚುವ ಮುಂಚೆ, ತಮಾಷೆ ನೋಡು ಎಂದು
ಹಳೆಯದರ ಮೇಲೆ ಬಗ್ಗಿ
ಸರಳಿನಾಚೆಯ ಕೈದಿಯೊಡನೆ ಮಾತಾಡುವಂತೆ
ಹಲೋ, ಲವ್, ಅಂದ.
ಮೂಲೆಯ ಆಂಪ್ಲಿಫೈಯರಿನಲ್ಲಿ ಅವನದೇ ದನಿ,
ಬಾವಿಯೊಳಗಿಂದ ಬಂದ ಹಾಗೆ.
ಮೇಣ ಒಣಗಿದೆ, ಒಂದು ಸುರುಳಿ ಸತ್ತಿದೆ,
ಇನ್ನೊಂದು ಸಡಿಲಾಗಿ, ಬಿದ್ದದ್ದನ್ನೆಲ್ಲ ಕೇಳಿಸಿಕೊಳ್ಳುತ್ತೆ.
ನೀನೂ ಏನಾದರೂ ಹೇಳು.
ಈ ಊರಲ್ಲಿ ಹತ್ತೊಂಬತ್ತು ವರ್ಷ.
ಊಟ ಆಯ್ತಾ, ಅಂದೆ.
ಊಟ ಆಯ್ತಾ, ಎಂದಿತು ಮೂಲೆ.
ಆಮೇಲೆ ತನ್ನ ಪಾಡಿಗೆ ತಾನು,
ಕತ್ತಲಲ್ಲಿ ಕತೆ ಕೇಳುವವರು
ನಿದ್ದೆ ಬಂದಿಲ್ಲ ಎಂದು ತಿಳಿಸಲು ಹೂಂಗುಟ್ಟುವ ಹಾಗೆ
ಹೂಂ ಎನ್ನುತ್ತಲೇ ಇತ್ತು.

ಹೊಸದು ಕೂತಿತು. ಬೆಸುಗೆಯ ಹೊಗೆ ಆರಿತು.
ಹೂಂ ಇಲ್ಲ, ಏನೂ ಇಲ್ಲ.
ಟ್ರೆವರ್ ಒಂದು ಸ್ವರ ಮೀಟಿ
ಬಲಗಿವಿ ತಿರುಗಿಸಿ ಆಲಿಸಿದ. ಸಾಲದು, ಇನ್ನೂ ಹೊಳಪು ಬೇಕು.
ಸ್ಕ್ರೂ ಏರಿಸಿದ. ಮತ್ತೆ ಏರಿಸಿದ.
ನನ್ನ ಹಲ್ಲು ಜುಮ್ಮೆಂದಿತು.
ಈಗ ನೋಡು, ಎಂದ, ಮುಖ ಬೆಳಗಿ.
ಆಗ ಗೊತ್ತಾಯಿತು:
ನಲವತ್ತು ವರ್ಷ ಡ್ರಮ್ಮಿನ ಪಕ್ಕ ನಿಂತವನಿಗೆ
ಮೇಲಿನ ಸ್ವರಗಳು ಯಾವತ್ತೋ ಹೋಗಿವೆ.
ಈ ಊರಿನ ಅರ್ಧ ಗಿಟಾರುಗಳು
ಅವನಿಗೆ ಕೇಳಿಸದಷ್ಟನ್ನು
ಹೆಚ್ಚುವರಿಯಾಗಿ ಹೊತ್ತು ತಿರುಗುತ್ತಿವೆ.
ಚೆನ್ನಾಗಿದೆ, ಅಂದೆ. ನಲವತ್ತೈದು ಪೌಂಡು.
ಮನೆಗೆ ಬಂದು, ಕಾಲುಸುತ್ತು, ಇನ್ನೊಂದು ಕಾಲುಸುತ್ತು, ಇಳಿಸಿದೆ.
ಯಾರಿಗೂ ಹೇಳಿಲ್ಲ.

ಹಳೆಯದನ್ನು ಎಸೆಯಲು ಬಿಡದೆ ಕೋಟಿನ ಜೇಬಿಗೆ ಹಾಕಿಕೊಂಡಿದ್ದೆ.
ಬೆಳಿಗ್ಗೆ ಡ್ಯೂಟಿಗೆ ಮುಂಚೆ ನೆನಪಾಯಿತು,
ಆ ದೊಡ್ಡ ಅಯಸ್ಕಾಂತದ ಕೋಣೆಗೆ ಇದು ಬಂದರೆ
ಜೇಬು ಹರಿದುಕೊಂಡು ಹಾರೀತು.
ಲಾಕರಿನಲ್ಲಿ ವಾಚಿನ ಪಕ್ಕ ಇಟ್ಟು
ಬಾಗಿಲು ಹಾಕುವ ಮುಂಚೆ ಬಾಯಿ ಹತ್ತಿರ ತಂದೆ.
ತಂತಿ ಇಲ್ಲ, ವೈರಿಲ್ಲ, ಕೇಳುವುದಾದರೂ ಹೇಗೆ.
ಕಾರಿಡಾರಿನ ಟ್ಯೂಬ್‌ಲೈಟು ಹೂಂ ಎಂದಿತು.
ಅಷ್ಟರಲ್ಲಿ ಎಂಟೂವರೆಯ ಪೇಷಂಟು, ಉಂಗುರ ಬರ್ತಿಲ್ಲ ಎಂದು ಕೂಗಿದ.
ಸೋಪು ತರ್ತೀನಿ ಅಂದೆ.